ಇಂಡಿ ಸೀಮೆಯ ಬೆಳಕಿನ ಪೆಟ್ಟಿಗೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಲ್ಲಿ ಮದುವೆಯ ಛಾಯಾಚಿತ್ರ ತೆಗೆಯುವ ವೃತ್ತಿಯನ್ನು ನಾನು ನನ್ನ ಸೋದರಮಾವನ ಕೈಕೆಳಗೆ ಕಲಿಯತೊಡಗಿದ ಕಾಲದಲ್ಲಿ, ಕ್ಯಾಮೆರಾ ಕೊರಳಲ್ಲಿ ತೂಗುವ ಹಗುರ ವಸ್ತುವಾಗಿದ್ದು, ಬೆಳಕೇ ಹೊರಬೇಕಾದ ಭಾರವಾಗಿದ್ದಿತು. ಯಾಶಿಕಾ ಕ್ಯಾಮೆರಾವೂ, ಉದಕಮಂಡಲದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ರೋಲುಗಳೂ ಒಂದು ಕೈಚೀಲದಲ್ಲಿ ಅಡಗುತ್ತಿದ್ದವು. ಬೆಳಕಿನ ಸಾಮಗ್ರಿಗಾದರೋ ಒಂದು ತಗಡಿನ ಟ್ರಂಕೇ ಬೇಕಾಗುತ್ತಿತ್ತು.

ಅದರೊಳಗಿದ್ದದ್ದು ಮುಖ್ಯವಾಗಿ ಫ್ಲ್ಯಾಶ್ ಬಲ್ಬು. ಆಮ್ಲಜನಕ ತುಂಬಿದ ಗಾಜಿನೊಳಗೆ ಸೂಕ್ಷ್ಮ ಲೋಹತಂತು ಕ್ಷಣಮಾತ್ರದಲ್ಲಿ ಉರಿದು ಬೂದಿಯಾಗುವ ಆ ಬಲ್ಬು ಒಂದೇ ಚಿತ್ರಕ್ಕೆ ಸಾಲುವಂಥದು; ರೋಲಿಗೆ 12 ಚಿತ್ರ, 12 ಚಿತ್ರಕ್ಕೆ 12 ಬಲ್ಬು. ಉರಿದ ಬಲ್ಬನ್ನು ವಸ್ತ್ರ ಹಿಡಿದೇ ತೆಗೆಯಬೇಕು, ಅಷ್ಟು ಕಾವು. ಮಾವನವರು ಹರಿದ ಕೌದಿಯ ತುಂಡುಗಳಲ್ಲಿ ಒಂದೊಂದನ್ನೂ ಸುತ್ತಿ ತಳಕ್ಕೆ ಹಾಸಿ, ಸೆಲ್ಲುಗಳನ್ನು ಬಲ್ಬುಗಳಿಗೆ ಸೋಕದಂತೆ ಬೇರೆ ಡಬ್ಬಿಯಲ್ಲಿರಿಸಿ, ಮೊದಲು ಬೇಕಾಗುವುದನ್ನು ಎಲ್ಲಕ್ಕಿಂತ ಮೇಲೆ ಇಡುತ್ತಿದ್ದರು. ಇಂಡಿಗೆ ದೂರದಲ್ಲಾದರೂ ಇಂಡಿ ರೋಡ್ ನಿಲ್ದಾಣವಿದ್ದಿತು. ಸಿಂದಗಿಗೂ ಮುದ್ದೇಬಿಹಾಳಕ್ಕೂ ರೈಲಿನ ಸುಳಿವೇ ಇರಲಿಲ್ಲವಾದ ಕಾರಣ ಬಸ್ಸು, ಅದರಾಚೆ ಎರೆಹೊಲದ ಗಾಡಿದಾರಿ. ಟ್ರಂಕನ್ನು ಬಸ್ಸಿನ ಮೇಲಕ್ಕೆ ಏರಿಸಿದ್ದನ್ನು ನಾನು ಕಂಡಿಲ್ಲ. ಅದು ಸದಾ ಮಾವನವರ ಮೊಣಕಾಲುಗಳ ನಡುವೆಯೇ ಪ್ರಯಾಣ ಮಾಡುತ್ತಿತ್ತು.

ಬಲ್ಬುಗಳ ಈ ಮಿತಿಯೇ ಯಾರ ಚಿತ್ರ ತೆಗೆಯಬೇಕೆಂಬುದನ್ನು ನಿರ್ಣಯಿಸುತ್ತಿತ್ತೆಂಬುದು ಆಗ ನಮಗೆ ಹೊಳೆದಿರಲಿಲ್ಲ. ಹಂದರದ ಕೆಳಗಿನ ಮದುಮಕ್ಕಳು, ಬೀಗರು, ಊರ ಗೌಡರು, ಅಕ್ಕಿಕಾಳಿನ ಗಳಿಗೆ, ಇಷ್ಟಕ್ಕೆ ಪೆಟ್ಟಿಗೆ ಬರಿದಾಗುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಹಿರಿಯ ತಾಯಂದಿರೇ, “ನಮ್ದೇನ್ ತಗೀತಿ ತಮ್ಮಾ, ಹೊರಗ ಬೀಗರ್ದು ತಗೀ ಹೋಗು” ಎಂದು ನಮ್ಮನ್ನು ಹೊರಕ್ಕೆ ಕಳುಹುತ್ತಿದ್ದರು.

ಬಳಿಕ ಎಲೆಕ್ಟ್ರಾನಿಕ್ ಫ್ಲ್ಯಾಶ್ ಬಂದಿತು. ಮೊದಮೊದಲು ಹೆಗಲಿಗೆ ತೂಗುಹಾಕುವ ಆ್ಯಸಿಡ್ ಬ್ಯಾಟರಿಯೊಡನೆ, ಅನಂತರ ಹಿಡಿಕೆಯಲ್ಲಿಯೇ ಸೆಲ್ಲುಗಳನ್ನಿರಿಸಿಕೊಂಡ ಮೆಟ್ಜ್ 45ರ ರೂಪದಲ್ಲಿ. ಬಲ್ಬಿನ ಲೆಕ್ಕ ತಪ್ಪಿತು, ಆದರೆ ನಡುಮನೆ ಬೆಳಗಲಿಲ್ಲ. ಬೆಳಕಿನ ನಿಯಮ ನಿಷ್ಠುರವಾದುದು: ಇಮ್ಮಡಿ ದೂರದಲ್ಲಿ ನಿಂತವರಿಗೆ ದೊರೆಯುವುದು ನಾಲ್ಕನೆಯ ಒಂದು ಪಾಲು ಮಾತ್ರ. ಮುಂದೆ ಕುಳಿತ ಗಂಡಸರ ಮುಖ ಬಿಳಿಚಿಕೊಂಡರೆ, ಹಿಂದೆ ಗೋಡೆಗೊರಗಿ ನಿಂತ ಹೆಂಗಸರು ಕತ್ತಲೆಯಲ್ಲಿ ಮುಳುಗುತ್ತಿದ್ದರು. ಫ್ಲ್ಯಾಶನ್ನು ಮೇಲಕ್ಕೆ ತಿರುಗಿಸಿ ಮಾಳಿಗೆಯಿಂದ ಬೆಳಕನ್ನು ಪ್ರತಿಫಲಿಸಿಕೊಳ್ಳಿರೆಂದು ಪುಸ್ತಕಗಳು ಉಪದೇಶಿಸುತ್ತಿದ್ದವು. ಸುಣ್ಣ ಬಳಿದ ಪಟ್ಟಣದ ಮನೆಗಳಿಗೆ ಸಲ್ಲುವ ಆ ಮಾತು, ತಲೆಮಾರುಗಳ ಒಲೆಯ ಹೊಗೆ ಕುಡಿದು ಜಂತಿಗಳೆಲ್ಲ ಕಪ್ಪಾದ ನಮ್ಮ ಮಣ್ಣಿನ ಮಾಳಿಗೆಗಳ ಕೆಳಗೆ ನಿರುಪಯೋಗಿಯಾಗಿದ್ದಿತು. ಮಾವನವರು ಬಿಳಿಯ ಧೋತರವೊಂದನ್ನು ಇಬ್ಬರು ಹುಡುಗರ ಕೈಗೆ ಕೊಟ್ಟು ಎತ್ತಿ ಹಿಡಿಸಿ, ಅದಕ್ಕೆ ಬೆಳಕು ಬಡಿಸಿ ಕೆಲಸ ಸಾಗಿಸುತ್ತಿದ್ದುದನ್ನು ನೆನೆದರೆ ಇಂದಿಗೂ ನನ್ನ ಮನಸ್ಸು ಗೌರವದಿಂದ ತುಂಬುತ್ತದೆ.

ವಿಡಿಯೊ ಬಂದಾಗಿನ 1000 ವ್ಯಾಟಿನ ಹ್ಯಾಲೊಜೆನ್ ದೀಪಗಳ ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಅವು ಕರೆಂಟನ್ನು ಬೇಡಿದವು, ಫ್ಯೂಜು ಸುಟ್ಟವು, ಬೇಸಗೆಯ ಮದುವೆಯಲ್ಲಿ ಮದುಮಗಳನ್ನು ಬೆವರಿನಲ್ಲಿ ತೋಯಿಸಿದವು.

ಆದರೆ ಅದೇ ಅವಧಿಯಲ್ಲಿ, 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಕೃಷ್ಣೆಯ ದಂಡೆಯ ಊರುಗಳತ್ತ ಏರಿ, ಕೆನೆಮೊಸರಿಗೆ ಹೆಸರಾದ ಹಳೆಯ ಕೊಲ್ಹಾರವೂ ಬಾಗೇವಾಡಿ ತಾಲೂಕಿನ ಇನ್ನಿತರ ಗ್ರಾಮಗಳೂ ಮುಳುಗಿಹೋದವು. ಮನೆ ಬಿಡುವ ಮುನ್ನ ಒಂದು ಚಿತ್ರವಿರಲೆಂದು ಕರೆದವರ ಮನೆಗಳಿಗೆ ನಾವು ಹೋದೆವು. ಹೊರಗೋಡೆ, ಕಟ್ಟೆ, ಬಾಗಿಲುವಾಡ ಇವು ಹಗಲ ಬೆಳಕಿನಲ್ಲಿ ಚೆನ್ನಾಗಿ ಮೂಡಿದವು. ದೇವರ ಜಗಲಿ, ಒಲೆ, ಧಾನ್ಯದ ಹಗೇವು, ಬೆಳಕಿಂಡಿಯ ಕೆಳಗಿನ ಬೀಸುವ ಕಲ್ಲು ಇವುಗಳ ನೆನಪು ಅಲ್ಲಿ ಬಾಳಿದವರ ಮನಸ್ಸಿನಲ್ಲಿ ಮಾತ್ರ ಉಳಿದಿದೆ. ಈ ವೃತ್ತಿಯಲ್ಲಿ ನನಗೆ ಇದಕ್ಕಿಂತ ದೊಡ್ಡ ಕೊರಗಿಲ್ಲ.

ಈಗ ನನ್ನ ತಂಗಿಯ ಮಗನ ಬೆನ್ನುಚೀಲವೊಂದರಲ್ಲಿ 200 ವ್ಯಾಟ್-ಸೆಕೆಂಡಿನ ಎರಡು ಫ್ಲ್ಯಾಶು, ಮಡಚುವ ಕೊಡೆ, ತಂತಿಯಿಲ್ಲದ ಟ್ರಿಗರ್, ಒಂದು ಎಲ್‌ಇಡಿ ಕೋಲು ಎಲ್ಲವೂ ಸೇರುತ್ತವೆ. ಮದುವೆಗಾಗಿ ಗೋವೆಗೋ ಪುಣೆಗೋ ವಿಮಾನದಲ್ಲಿ ಹೋಗುವಾಗ, ಬಿಡಿ ಲಿಥಿಯಂ ಬ್ಯಾಟರಿಗಳನ್ನು ಸಾಮಾನಿನೊಳಗೆ ಹಾಕಕೂಡದೆಂಬ, 100 ವ್ಯಾಟ್-ಅವರ್‌ವರೆಗಿನವನ್ನು ಕೈಚೀಲದಲ್ಲಿಯೇ ಒಯ್ಯಬೇಕೆಂಬ ನಿಯಮವನ್ನರಿತು, ಆತನು ಅವುಗಳ ತುದಿಗಳಿಗೆ ಟೇಪು ಸುತ್ತಿ ಪ್ರತ್ಯೇಕವಾಗಿ ಜೋಡಿಸುತ್ತಾನೆ. ಸೆಲ್ಲನ್ನು ಬಲ್ಬಿನಿಂದ ದೂರವಿರಿಸುತ್ತಿದ್ದ ಮಾವನವರು ಅದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರು. ಬಿಳಿಯ ಬಟ್ಟೆಯೊಂದನ್ನು ಮಾತ್ರ ನಾನು ಒತ್ತಾಯದಿಂದ ಇರಿಸಿದ್ದೇನೆ, ಏಕೆಂದರೆ ಕಪ್ಪು ಮಾಳಿಗೆಗಳು ಇನ್ನೂ ಇವೆ.

ಆತನು ಒಂದು ಫ್ಲ್ಯಾಶನ್ನು ಅಡುಗೆಮನೆಯ ಕದದ ಮರೆಯಲ್ಲಿಟ್ಟು, ರೊಟ್ಟಿ ಬಡಿಯುವವರನ್ನೂ ಹೋಳಿಗೆ ಲಟ್ಟಿಸುವವರನ್ನೂ ಅಕ್ಕಿಕಾಳಿಗೆ ಮೊದಲೇ ಚಿತ್ರಿಸುತ್ತಾನೆ. ಅವರೆಲ್ಲರ ಹೆಸರನ್ನೂ ಊರನ್ನೂ ಕೇಳಿ ಆಲ್ಬಮ್ಮಿನಲ್ಲಿ ಬರೆಯಿಸೆಂದು ನಾನು ಹೇಳಿದ್ದೇನೆ. ಕಳೆದ ಸಿಂದಗಿಯ ಮದುವೆಯಿಂದ ಆತನು ಹಾಗೆ ಬರೆಯಿಸತೊಡಗಿದ್ದಾನೆ.