ಗುಮಾಸ್ತರ ಡೆಸ್ಕು, ಜಾರ್ಜ್ ದೊರೆಗಳ ಮೇಜು

ಮಲೆಬೆನ್ನೂರಿನ ಹಳೆಯ ಅಕ್ಕಿ ಗಿರಣಿಗೆ ಹೋದರೆ ನನ್ನ ಕಣ್ಣು ಭತ್ತದ ರಾಶಿಗಿಂತ ಮೊದಲು ಗುಮಾಸ್ತರ ಡೆಸ್ಕನ್ನು ಹುಡುಕುತ್ತದೆ. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆಯಲು ಮಾಡಿಸಿದ, ಇಳಿಜಾರು ಮುಚ್ಚಳದ ಸಾಗುವಾನಿ ಪೆಟ್ಟಿಗೆ ಅದು. ಮುಚ್ಚಳ ಎತ್ತಿದರೆ ಚಿಲ್ಲರೆಗೊಂದು ಗುಣಿ, ರಸೀದಿ ಪುಸ್ತಕಕ್ಕೊಂದು ಖಾನೆ, ದೀಪಾವಳಿ ಪೂಜೆಯ ಕುಂಕುಮ, ಚೆಲ್ಲಿ ಒಣಗಿದ ಮಸಿ. ಮುಂಗೈ ಊರುವ ಅಂಚು ಮಾತ್ರ ಸವೆದು ನುಣ್ಣಗಾಗಿರುತ್ತದೆ.

ಅದನ್ನು ಕಂಡಾಗಲೆಲ್ಲ ದೂರದ ಇನ್ನೊಂದು ಲೆಕ್ಕದ ಮೇಜು ನೆನಪಾಗುತ್ತದೆ. ಇಂಗ್ಲೆಂಡಿನಲ್ಲಿ 1714ರಿಂದ 1830ರವರೆಗೆ ನಾಲ್ವರು ಜಾರ್ಜ್ ದೊರೆಗಳು ಸಾಲಾಗಿ ಆಳಿದರಲ್ಲ, ಆ ಕಾಲದ ಜಮೀನ್ದಾರರ ಮನೆಗಳಲ್ಲಿ ‘ರೆಂಟ್ ಟೇಬಲ್’ ಎಂಬುದೊಂದಿತ್ತು. ದುಂಡು ಮೇಜು, ಮೇಲೆ ಚರ್ಮದ ಹಾಸು, ಸುತ್ತಲೂ ಅಕ್ಷರ ಬರೆದ ಡ್ರಾಯರುಗಳು. ಗೇಣಿದಾರ ಬಂದರೆ ಕಾರುಭಾರಿ ಎದ್ದು ಹುಡುಕಬೇಕಿಲ್ಲ. ಮೇಜನ್ನೇ ತಿರುಗಿಸಿದರೆ ಅವನ ಹೆಸರಿನ ಕಾಗದ ಕೈಗೆ ಬರುತ್ತಿತ್ತು. ಕೆಲವು ಮೇಜುಗಳ ನಟ್ಟನಡುವೆ ಹಣ ಹಾಕಲು ಮುಚ್ಚಳವಿದ್ದ ಗುಂಡಿಯೂ ಇತ್ತು. ಎಂಥ ಅಚ್ಚುಕಟ್ಟು! ಆದರೆ ಅದರ ಮಹಾಗನಿ ಮರವನ್ನು ಜಮೈಕಾದಂಥ ವಸಾಹತುಗಳಲ್ಲಿ ಕಡಿದವರು ಆಫ್ರಿಕಾದ ಗುಲಾಮರು. 1721ರ ಕಾಯ್ದೆ ವಸಾಹತಿನ ಮರಕ್ಕೆ ಸುಂಕ ಬಿಟ್ಟ ಮೇಲೆ ಅದು ಹಡಗುಗಟ್ಟಲೆ ಲಂಡನ್ನಿಗೆ ಬಂತು. ಹೊಳಪು ನೋಡುವಾಗ ಇದನ್ನು ಮರೆಯುವುದು ತಪ್ಪು.

ನಮ್ಮ ಶಾನುಭೋಗರಿಗೆ ಮೇಜೇ ಬೇಕಿರಲಿಲ್ಲ. ಹುಣಿಸೆಬೀಜದ ಸರಿ, ಇದ್ದಿಲಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತ. ಅದರ ಮೇಲೆ ಬಳಪದ ಬರಹ. ಮಡಿಸಿದರೆ ಕಂಕುಳಲ್ಲಿ ಹಿಡಿಯುತ್ತಿತ್ತು, ಅಳಿಸಿ ಮತ್ತೆ ಬರೆಯಬಹುದಿತ್ತು. ಹಾಗಾದರೆ ಗುಮಾಸ್ತರ ಡೆಸ್ಕಿನ ಮಾದರಿ ಎಲ್ಲಿಂದ ಬಂತು? ಬಿಚ್ಚಿದರೆ ಇಳಿಜಾರಾಗುವ ಬರವಣಿಗೆ ಪೆಟ್ಟಿಗೆ ಬ್ರಿಟಿಷ್ ದಂಡಿನ ಸಾಹೇಬರಿಗೂ ಪ್ರಿಯವಾಗಿತ್ತು. ಪ್ರಯಾಣದಲ್ಲಿ ಕೆಡದಿರಲೆಂದು ಮೂಲೆಗಳಿಗೆ ಹಿತ್ತಾಳೆ ಹೊಡೆಸುತ್ತಿದ್ದರು. ಇಲ್ಲೇ ಪಕ್ಕದ ಹರಿಹರದ ಹತ್ತಿರ 1865ರವರೆಗೂ ದಂಡು ಇತ್ತು. ಅಂಥ ಪೆಟ್ಟಿಗೆ ನಮ್ಮ ಬಡಗಿಗಳ ಕಣ್ಣಿಗೆ ಬಿದ್ದಿರಬಹುದು ಅನ್ನುವುದು ನನ್ನ ಊಹೆ.

ಮೇಜಿನ ಆಚೆ ನಿಂತವನ ಪಾಡು ಮಾತ್ರ ಎರಡೂ ಕಡೆ ಒಂದೇ. ಅಲ್ಲಿ ಟೊಪ್ಪಿಗೆ ಕೈಯಲ್ಲಿ ಹಿಡಿದ ಗೇಣಿದಾರ, ಇಲ್ಲಿ ಹೆಗಲಿಗೆ ಟವೆಲ್ ಹಾಕಿದ ರೈತ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತದ ತೂಕ, ಕೊಟ್ಟ ಮುಂಗಡ, ಕಳೆದ ಬಡ್ಡಿ ಎಲ್ಲವೂ ಅವನಿಗೆ ತಲೆಕೆಳಗಾಗಿ ಕಾಣುವ ಅಕ್ಷರದಲ್ಲೇ ದಾಖಲಾಗುತ್ತಿತ್ತು. ಅದಕ್ಕೇ ಈ ಡೆಸ್ಕು ನನಗೆ ಬರೀ ಮರದ ಸಾಮಾನಲ್ಲ, ಊರಿನ ಚರಿತ್ರೆ.

ಈಗ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ. ನಿಮ್ಮ ಗಿರಣಿಯಲ್ಲೋ ದಲ್ಲಾಳಿ ಅಂಗಡಿಯ ಅಟ್ಟದಲ್ಲೋ ಇಂಥದೊಂದು ಉಳಿದಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಪಾಲಿಶ್ ಮಾಡಿಸುವ ನೆಪದಲ್ಲಿ ಮಸಿಯ ಕಲೆ ಉಜ್ಜಿಸಲೂ ಬೇಡಿ. ಹಳೆಯ ಖಾತೆ ಪುಸ್ತಕಗಳನ್ನು ಅದರೊಳಗೇ ಇಡಿ.