ಕಡಲ ಕಸ, ನಾಡಿನ ದಾರಿ

ಮೀನಿಗೆಂದು ಬೀಸಿದ ಬಲೆಯಲ್ಲಿ ಪ್ಲಾಸ್ಟಿಕ್ ಸಿಕ್ಕಿದರೆ ಮೀನುಗಾರನು ಏನು ಮಾಡಬೇಕು? ಮೀನನ್ನು ಆರಿಸಿಕೊಂಡು ಉಳಿದದ್ದನ್ನು ಕಡಲಿಗೇ ಮರಳಿ ಎಸೆಯುವುದು ಬಹುಕಾಲದ ರೂಢಿ. ಅದನ್ನು ದೂರುವುದು ಸುಲಭ. ಆದರೆ ದೋಣಿಯಲ್ಲಿ ಸ್ಥಳ ಕಿರಿದು, ಡೀಸೆಲ್ ದುಬಾರಿ, ಕಸಕ್ಕೆ ಬೆಲೆಯಿಲ್ಲ. ತಾನು ಎಸೆಯದ ಕಸವನ್ನು ಹೊತ್ತು ತರುವ ಹೊಣೆ ಅವನೊಬ್ಬನದೇ ಏಕಾಗಬೇಕು?

ನೆರೆಯ ಕೇರಳವು 2017ರಲ್ಲಿ ಈ ಹೊಣೆಯನ್ನು ಹಂಚಿಕೊಳ್ಳಲು ಮುಂದಾಯಿತು. ಕೊಲ್ಲಂ ಜಿಲ್ಲೆಯ ಶಕ್ತಿಕುಳಂಗರ-ನೀಂಡಕರ ಬಂದರಿನಲ್ಲಿ ಮೀನುಗಾರಿಕಾ ಇಲಾಖೆಯು ‘ಶುಚಿತ್ವ ಸಾಗರಂ’ ಯೋಜನೆಯನ್ನು ಆರಂಭಿಸಿ, ದೋಣಿಗಳಿಗೆ ಚೀಲಗಳನ್ನು ನೀಡಿತು. ಬಲೆಗೆ ಬಿದ್ದ ಕಸವು ಆ ಚೀಲಗಳಲ್ಲಿ ದಡ ಸೇರಿತು. ಅಲ್ಲಿ ಸ್ತ್ರೀಯರು ಅದನ್ನು ತೊಳೆದು, ವಿಂಗಡಿಸಿ, ಯಂತ್ರದಲ್ಲಿ ಚೂರುಗೊಳಿಸಿದರು. ಮೊದಲ ಹತ್ತು ತಿಂಗಳಲ್ಲಿ ಸುಮಾರು 25 ಟನ್ ಕಸ ಕಡಲಿನಿಂದ ಹೊರಬಂತು. ಆ ಚೂರುಗಳು ಡಾಂಬರು ರಸ್ತೆಗಳಿಗೆ ಸಾಮಗ್ರಿಯಾದವು.

ಪ್ಲಾಸ್ಟಿಕನ್ನು ರಸ್ತೆಗೆ ಬಳಸುವ ಈ ವಿಧಾನವನ್ನು ರೂಪಿಸಿದವರು ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಸುಮಾರು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರುಗಳನ್ನು ಹಾಕಿದಾಗ ಅವು ಕರಗಿ ಕಲ್ಲಿಗೆ ತೆಳುವಾದ ಹೊದಿಕೆಯಾಗುತ್ತವೆ. ಅನಂತರ ಡಾಂಬರು ಬೆರೆಸಿದರೆ ಕಲ್ಲಿಗೂ ಡಾಂಬರಿಗೂ ನಡುವೆ ನೀರು ಸುಲಭವಾಗಿ ಇಳಿಯದು. ಆದರೆ ಪಿವಿಸಿ ಪ್ಲಾಸ್ಟಿಕ್ ಕಾದರೆ ವಿಷಾನಿಲ ಬಿಡುವುದರಿಂದ ಅದನ್ನು ಬೇರ್ಪಡಿಸಲೇಬೇಕು. ಹೀಗಾಗಿ ಕಸ ವಿಂಗಡಿಸುವ ಕೈಗಳ ಎಚ್ಚರವೇ ಈ ಕಾರ್ಯದ ತಳಹದಿ.

ದಾರಿಯಲ್ಲಿರುವ ಹಾನಿಕರ ವಸ್ತುವನ್ನು ಸರಿಸುವುದೂ ಒಂದು ದಾನವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಾವು ಮದ್ರಸದಲ್ಲಿ ಈ ಪಾಠವನ್ನು ಬೋಧಿಸುವಾಗ ಈ ರಸ್ತೆಯ ಕಥೆಯನ್ನೂ ಹೇಳಿದೆವು. ಆಗ ಒಬ್ಬ ಬಾಲಕನು, “ಕಸ ರಸ್ತೆಯಾಗುವುದಾದರೆ ಎಸೆದರೇನು ತಪ್ಪು ಉಸ್ತಾದರೇ?” ಎಂದು ಕೇಳಿದನು. ನಾವು ಉತ್ತರಿಸುವ ಮೊದಲೇ ದೋಣಿಯಲ್ಲಿ ದುಡಿಯುವವರ ಮಗನೊಬ್ಬನು, “ಬಲೆಗೆ ಬಿದ್ದದ್ದು ಮಾತ್ರ ಮೇಲೆ ಬರುತ್ತದೆ. ಬಲೆಯೇ ಹರಿದರೆ ಅಪ್ಪ ರಾತ್ರಿಯೆಲ್ಲ ಕೂತು ಹೆಣೆಯಬೇಕು” ಎಂದನು. ನಾವು ಅದಕ್ಕೆ ಹೆಚ್ಚೇನೂ ಸೇರಿಸಬೇಕಾಗಿರಲಿಲ್ಲ.

ಕಡಲಿನ ಕಸದ ಬಹುಪಾಲು ನೆಲದಿಂದ ಹೋದದ್ದು. ನಾವು ಬದುಕುವುದೂ ಇದೇ ಅರಬ್ಬೀ ಸಮುದ್ರದ ದಂಡೆಯಲ್ಲಿ. ಮಳೆಗಾಲದಲ್ಲಿ ತೋಡಿಗೆ ಬಿದ್ದ ಬಾಟಲಿಯನ್ನು ನೇತ್ರಾವತಿಯು ಉಳ್ಳಾಲದ ಅಳಿವೆಗೆ ಒಯ್ಯುತ್ತದೆ. ಮುಂದೆ ಅದು ಯಾರದೋ ಬಲೆಯ ಭಾರವಾಗುತ್ತದೆ. ನಮ್ಮ ಮದುವೆಯ ಔತಣಗಳಲ್ಲಿ ನೀರಿನ ಸಣ್ಣ ಬಾಟಲಿಗಳ ರಾಶಿಗೆ ಬದಲಾಗಿ ಹೂಜಿ, ಲೋಟಗಳನ್ನು ಇಡುವುದು ಅಸಾಧ್ಯವೇನಲ್ಲ. ಸರಿಸುವುದು ದಾನವಾದರೆ, ಹಾಕದಿರುವುದು ಅದಕ್ಕಿಂತ ಮೊದಲಿನ ಕರ್ತವ್ಯ. ಮುಂದಿನ ಔತಣಕ್ಕೆ ಸಾಮಾನಿನ ಪಟ್ಟಿ ಬರೆಯುವಾಗಲೇ ಇದನ್ನು ಆಲೋಚಿಸೋಣ.