ಸಮ್ಮತಿ ಎಂಬ ಒಂದು ಮಾತು

ಹತ್ತನೇ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆಯ ಪಾಠ ಬಂದಾಗ ಕೆಲವು ಮೇಷ್ಟ್ರುಗಳು ಒಂದು ಮನೆಗೆಲಸ ಕೊಡುವುದುಂಟು. ಅಪ್ಪ, ಅಮ್ಮ ಮತ್ತು ನಿಮ್ಮ ರಕ್ತದ ಗುಂಪು ಯಾವುದೆಂದು ಬರೆದುಕೊಂಡು ಬನ್ನಿ ಎಂದು. 2024ರ ಚಳಿಗಾಲದಲ್ಲಿ ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಹೀಗೆ ಬರೆದುಕೊಂಡಳು: ಅಪ್ಪ ಓ, ಅಮ್ಮ ಓ, ತಾನು ಬಿ.

ಓ ಗುಂಪಿನ ದಂಪತಿಗೆ ಓ ಗುಂಪಿನ ಮಕ್ಕಳೇ ಹುಟ್ಟುತ್ತಾರೆ ಎಂದು ಅವತ್ತೇ ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಇದಕ್ಕೆ ತೀರಾ ಅಪರೂಪದ ಅಪವಾದಗಳಿವೆ. 1952ರಲ್ಲಿ ಮುಂಬಯಿಯ ವೈದ್ಯರು ಗುರುತಿಸಿದ ‘ಬಾಂಬೆ ಗುಂಪು’ ಅಂಥದೊಂದು. ಹುಡುಗಿ ಅಪವಾದದ ಬೆನ್ನು ಹತ್ತಲಿಲ್ಲ. ನೇರವಾಗಿ ಅಡುಗೆಮನೆಗೆ ಹೋಗಿ ಕೇಳಿದಳು. ಮುದ್ದೆ ತಿರುವುತ್ತಿದ್ದ ತಾಯಿಯ ಕೈ ಗಕ್ಕನೆ ನಿಂತಿತು. ‘ಅಪ್ಪ ಬರಲಿ’ ಎಂದಷ್ಟೇ ಹೇಳಿದರು.

ತಂದೆ ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ಮಗಳಿಗೆ ಹೇಳಬೇಕೆಂದು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದವರು. ಮೊದಲು ನಾಲ್ಕನೇ ಕ್ಲಾಸು ಮುಗಿಯಲಿ ಎಂದರು, ಆಮೇಲೆ ಏಳನೆಯದು, ಕೊನೆಗೆ ಎಸ್ಸೆಸ್ಸೆಲ್ಸಿ. ಆ ರಾತ್ರಿ ಊಟವಾದ ಮೇಲೆ ಬೀರು ತೆಗೆದು ಒಂದು ಛಾಪಾ ಕಾಗದವನ್ನು ಮಗಳ ಮುಂದಿಟ್ಟರು. 2010ರ ಮೇ ತಿಂಗಳಲ್ಲಿ ನೋಂದಣಿಯಾದ ದತ್ತಕ ಪತ್ರ ಅದು. ದೂರದ ಬಳಗದ ಮನೆಯೊಂದರಲ್ಲಿ ಹುಟ್ಟಿದ ಮೂರನೇ ಹೆಣ್ಣು ಮಗು ಅವಳು. ಈ ಮನೆಗೆ ಬಂದಾಗ ವರ್ಷ ತುಂಬಿತ್ತಷ್ಟೆ.

ಹುಡುಗಿ ಅಳಲಿಲ್ಲ. ಎರಡು ಸಲ ಓದಿದಳು. ದತ್ತು ಕೊಟ್ಟವರು ಎಂಬಲ್ಲಿ ಒಬ್ಬ ಗಂಡಸಿನ ಹೆಸರು. ದತ್ತು ತೆಗೆದುಕೊಂಡವರು ಎಂಬಲ್ಲಿ ಅಪ್ಪನ ಹೆಸರು. ಕೆಳಗೆ ‘ಸಮ್ಮತಿಸಿದವರು’ ಎಂದು ಇಬ್ಬರು ಹೆಂಗಸರ ಸಹಿ: ಒಬ್ಬರು ಹೆತ್ತವರು, ಇನ್ನೊಬ್ಬರು ಎದುರಿಗೆ ಕುಳಿತಿದ್ದವರು.

‘ಅಮ್ಮ, ಹಂಗಾದ್ರೆ ನೀನು ನನ್ನ ತಗೊಂಡೇ ಇಲ್ಲ. ಬರೀ ಒಪ್ಪಿಗೆ ಕೊಟ್ಟಿದೀಯ.’

ತಾಯಿ ಮಾತಾಡಲಿಲ್ಲ. ರಕ್ತದ ಗುಂಪು ಕೇಳಿದ್ದಕ್ಕಿಂತ ಈ ಮಾತು ಅವರಿಗೆ ಹೆಚ್ಚು ಚುಚ್ಚಿತ್ತು.

ಪತ್ರ ಬರೆದವನದೇನೂ ತಪ್ಪಿರಲಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇದ್ದದ್ದೇ ಹಾಗೆ. ಹೆಣ್ಣು ಮಗುವನ್ನೂ ದತ್ತು ತೆಗೆದುಕೊಳ್ಳಬಹುದು, ಅವಿವಾಹಿತೆ ಮತ್ತು ವಿಧವೆಯರೂ ದತ್ತು ಪಡೆಯಬಹುದು ಎಂದದ್ದು ಆ ಕಾಯ್ದೆಯ ಹಿರಿಮೆ. ಆದರೆ ಗಂಡನೊಡನೆ ಸಂಸಾರ ಮಾಡುತ್ತಿರುವ ಹೆಂಗಸಿಗೆ ಮಾತ್ರ ತಾನಾಗಿ ದತ್ತು ಪಡೆಯುವ ಹಕ್ಕಿರಲಿಲ್ಲ. ಗಂಡ ಪಡೆಯಬೇಕು, ಹೆಂಡತಿ ಸಮ್ಮತಿಸಬೇಕು. ಹೆಂಡತಿಯನ್ನು ಆ ಮಗುವಿನ ತಾಯಿ ಎಂದು ‘ಭಾವಿಸತಕ್ಕದ್ದು’ ಎನ್ನುತ್ತದೆ ಹದಿನಾಲ್ಕನೇ ಕಲಮು. ಮಗುವನ್ನು ಕೊಡುವಾಗಲೂ ಇದೇ ಕ್ರಮ: ತಂದೆ ಕೊಡಬೇಕು, ಹೆತ್ತವಳು ಸಮ್ಮತಿಸಬೇಕು. 2010ರ ಆಗಸ್ಟ್ ಕೊನೆಯಲ್ಲಿ ತಿದ್ದುಪಡಿಯಾಗಿ ಗಂಡ ಹೆಂಡತಿ ಇಬ್ಬರಿಗೂ ಸಮನಾದ ಹಕ್ಕು ಬಂತು. ಆ ಮನೆಯ ಪತ್ರ ನೋಂದಣಿಯಾಗಿ ಆಗಲೇ ಮೂರು ತಿಂಗಳು ಕಳೆದಿತ್ತು.

ಮಗು ಯಾರದೆಂದು ಮನೆಯ ಹೊರಗಿನವರು ತೀರ್ಮಾನಿಸುವುದು ಈ ನಾಡಿಗೆ ಹೊಸದಲ್ಲ. ಮಕ್ಕಳೆಲ್ಲ ಓದುವ ಕಿತ್ತೂರಿನ ಪಾಠವೂ ಒಂದು ದತ್ತಕದ ಕಥೆಯೇ. 1824ರಲ್ಲಿ ಅಲ್ಲಿನ ಅರಸ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಶಿವಲಿಂಗಪ್ಪ ಎಂಬ ಬಾಲಕನನ್ನು ದತ್ತಕವಾಗಿ ತೆಗೆದುಕೊಳ್ಳಲಾಗಿತ್ತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಅದನ್ನು ಒಪ್ಪಲಿಲ್ಲ. ರಾಣಿ ಚೆನ್ನಮ್ಮ ಮಣಿಯಲಿಲ್ಲ. ಅಕ್ಟೋಬರ್ 23ರ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡರು. ಮೊದಲು ಒಪ್ಪದ ಬ್ರಿಟಿಷರು 1867ರಲ್ಲಿ ಒಪ್ಪಿದರು. 1881ರಲ್ಲಿ ಆ ದತ್ತುಪುತ್ರನಿಗೇ ರಾಜ್ಯ ಮರಳಿತು. ಎರಡೂ ಕಡೆ ಮಗುವಿನ ಮೇಲಿನ ಮಮತೆಗೆ ಕೊರತೆಯಿರಲಿಲ್ಲ. ಬದಲಾದದ್ದು ಆಳುವವರ ಲೆಕ್ಕಾಚಾರ.

ಸ್ವಾತಂತ್ರ್ಯ ಬಂದ ಮೇಲೂ ಲೆಕ್ಕಾಚಾರ ತಪ್ಪಲಿಲ್ಲ. ಎಲ್ಲ ಧರ್ಮದವರಿಗೂ ಅನ್ವಯಿಸುವ ದತ್ತಕ ಮಸೂದೆಯೊಂದು 1972ರಲ್ಲಿ ರಾಜ್ಯಸಭೆಗೆ ಬಂತು. ಮುಸ್ಲಿಂ ಮುಖಂಡರಿಂದ ವಿರೋಧ ಬಂದು 1978ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. 1980ರಲ್ಲಿ ಬಂದ ಮತ್ತೊಂದು ಮಸೂದೆಯೂ ಕಾನೂನಾಗಲಿಲ್ಲ. ಅಷ್ಟು ಕಾಲವೂ ಮುಸ್ಲಿಂ, ಕ್ರೈಸ್ತ, ಪಾರ್ಸಿ ದಂಪತಿಗಳು ಸಾಮಾನ್ಯವಾಗಿ 1890ರ ಕಾಯ್ದೆಯ ಮೊರೆಹೋಗಿ ಮಗುವಿನ ಪಾಲಕರಾಗಬೇಕಿತ್ತು. ಮಗು ಪ್ರಾಪ್ತವಯಸ್ಕವಾದರೆ ಆ ಪಾಲಕತ್ವವೂ ಮುಗಿಯಿತು.

ಸಂಸತ್ತು ಕೈಬಿಟ್ಟ ಕೆಲಸವನ್ನು ಕೆಲವೊಮ್ಮೆ ನ್ಯಾಯಾಲಯ ಎತ್ತಿಕೊಂಡಿತು. ವಿದೇಶಗಳಿಗೆ ಮಕ್ಕಳನ್ನು ದತ್ತು ಕಳಿಸುವಲ್ಲಿನ ಅಕ್ರಮಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಒಂದು ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಪರಿಗಣಿಸಿತು. 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಬರೆದ ತೀರ್ಪಿನಿಂದ ನಿಯಮಗಳು ಬಂದವು. 2000ದ ಬಾಲನ್ಯಾಯ ಕಾಯ್ದೆ ಧರ್ಮ ಕೇಳದ ದತ್ತಕಕ್ಕೆ ದಾರಿ ಮಾಡಿತು. ಯಾವ ಧರ್ಮದವರೂ ಅದರಡಿ ದತ್ತು ಪಡೆಯಬಹುದೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಈಗಿರುವುದು 2015ರ ಕಾಯ್ದೆ. ಅದರಡಿಯ ದತ್ತಕಕ್ಕೆ ಆದೇಶ ಕೊಡುವ ಅಧಿಕಾರ 2022ರ ಸೆಪ್ಟೆಂಬರಿನಿಂದ ನ್ಯಾಯಾಲಯದ ಬದಲು ಜಿಲ್ಲಾಧಿಕಾರಿಗೆ ಬಂದಿದೆ. ವಿಳಂಬ ತಪ್ಪಲಿ ಎಂಬುದು ಉದ್ದೇಶ. ತಾತ್ಕಾಲಿಕವಾಗಿ ಮಗುವನ್ನು ಸಾಕುವ ಕುಟುಂಬಗಳಿಗೂ ಈ ಕಾಯ್ದೆಯಲ್ಲಿ ಸ್ಥಾನವಿದೆ. ಹಾಗೆ ಸಾಕಿದವರು ಆ ಮಗುವನ್ನೇ ದತ್ತು ಪಡೆಯಬೇಕಾದರೆ ಮೊದಲು ಐದು ವರ್ಷ ಕಾಯಬೇಕಿತ್ತು. ಈಗ ಅದು ಎರಡು ವರ್ಷಕ್ಕೆ ಇಳಿದಿದೆ. ಎರಡರ ಬದಲು ಐದು ಎಂಬುದು ಕಾಗದದಲ್ಲಿ ಒಂದು ಅಂಕಿ. ಆರು ವರ್ಷದ ಮಗುವಿಗೆ ಅದು ಬಾಲ್ಯದ ಅರ್ಧ.

ಇಷ್ಟೆಲ್ಲ ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೂ ಅದರಿಂದ ಸಮಾಧಾನವೇನೂ ಆಗುತ್ತಿರಲಿಲ್ಲ. ಬಹಳ ಹೊತ್ತಿನ ಮೇಲೆ ತಾಯಿಯೇ ಬಾಯಿ ಬಿಟ್ಟರು.

‘ಕಾಗದದಲ್ಲಿ ಏನಾದ್ರೂ ಬರ್ಕೊಳ್ಲಿ. ಅವತ್ತು ಕಚೇರೀಲಿ ಗಂಡಸ್ರು ಸಹಿ ಹಾಕ್ತಾ ನಿಂತಿದ್ರು. ಆಯಮ್ಮ ಅವಳ ಮಡಿಲಿಂದ ನಿನ್ನ ಎತ್ತಿ ನನ್ನ ಮಡಿಲಿಗೇ ಹಾಕಿದ್ದು. ನೀನು ನನ್ನ ಸರ ಹಿಡ್ಕೊಂಡೋಳು ಊರು ಬರೋವರೆಗೂ ಬಿಡ್ಲಿಲ್ಲ.’

ವಿಚಿತ್ರವೆಂದರೆ, ಕಾನೂನೂ ಮುಖ್ಯವಾಗಿ ಕೇಳುವುದು ಇದನ್ನೇ. ಬರೀ ಪತ್ರವಿದ್ದರೆ ಸಾಲದು, ಮಗುವನ್ನು ಕೊಟ್ಟು ತೆಗೆದುಕೊಳ್ಳುವ ಕ್ರಿಯೆ ನಿಜವಾಗಿ ನಡೆದಿರಬೇಕು ಎನ್ನುತ್ತದೆ 1956ರ ಕಾಯ್ದೆ. ಒಮ್ಮೆ ಕ್ರಮಬದ್ಧವಾಗಿ ಆದ ದತ್ತಕವನ್ನು ತಂದೆ ತಾಯಿ ರದ್ದು ಮಾಡುವಂತಿಲ್ಲ, ಮಗುವೂ ಬಿಟ್ಟು ಹೋಗುವಂತಿಲ್ಲ ಎಂಬುದೂ ಅದರಲ್ಲೇ ಇದೆ. ಹೆತ್ತ ಮಕ್ಕಳ ವಿಷಯದಲ್ಲಿ ಯಾರೂ ಬರೆದಿಡದ ಮಾತನ್ನು ದತ್ತು ಮಕ್ಕಳಿಗಾಗಿ ಬರೆದಿಟ್ಟಿದ್ದಾರೆ.

ದತ್ತು ಮಗುವಿಗೆ ವಿಷಯ ತಿಳಿಸಲು ತಕ್ಕ ದಿನ ಬರಲಿ ಎಂದು ಕಾಯುವ ತಂದೆ ತಾಯಿಗಳು ಆ ಗುಮಾಸ್ತರನ್ನೊಮ್ಮೆ ನೆನೆಯಬೇಕು. ದಿನ ತಾನಾಗಿ ಬರುತ್ತದೆ, ಕೆಲವೊಮ್ಮೆ ಮನೆಗೆಲಸದ ರೂಪದಲ್ಲಿ. ಕಥೆ ಹೇಳುವ ವಯಸ್ಸಿನಲ್ಲೇ ಇದನ್ನೂ ಒಂದು ಕಥೆಯಾಗಿ ಹೇಳಿಬಿಟ್ಟರೆ ಮಗು ಅದರೊಂದಿಗೇ ಬೆಳೆಯುತ್ತದೆ. ಮನೆಗೆಲಸ ಕೊಡುವ ಮೇಷ್ಟ್ರುಗಳೂ, ತರಗತಿಯ ನಲವತ್ತು ಮಕ್ಕಳ ಮನೆಗಳೂ ಒಂದೇ ಬಗೆಯವಲ್ಲ ಎಂದು ನೆನಪಿಟ್ಟರೆ ಒಳ್ಳೆಯದು. ರಕ್ತದ ಗುಂಪಿನ ಲೆಕ್ಕವನ್ನು ಕಪ್ಪು ಹಲಗೆಯ ಮೇಲೆ ಯಾರದೂ ಅಲ್ಲದ ಕುಟುಂಬವೊಂದನ್ನು ಬರೆದೂ ಕಲಿಸಬಹುದು.

ವಾರ ಕಳೆದ ಮೇಲೆ ಶಾಲೆಯಿಂದ ಹಂಪಿ ಪ್ರವಾಸದ ಚೀಟಿ ಬಂತು. ಕೆಳಗೆ ‘ತಂದೆ / ತಾಯಿಯ ಸಮ್ಮತಿ’ ಎಂದು ಒಂದು ಗೆರೆ. ಅಪ್ಪ ಪೆನ್ನು ತೆಗೆದರು. ಹುಡುಗಿ ಚೀಟಿಯನ್ನು ಅವರಿಂದ ಈಚೆಗೆ ಎಳೆದುಕೊಂಡು ಅಡುಗೆಮನೆಗೆ ಹೋದಳು.

‘ಅಮ್ಮ, ಇಲ್ಲೂ ಸಮ್ಮತಿನೇ ಕೇಳಿದಾರೆ. ನೀನೇ ಹಾಕು.’

ತಾಯಿ ಸೆರಗಿಗೆ ಕೈ ಒರೆಸಿಕೊಂಡು ಸಹಿ ಹಾಕಿದರು.